ಘಟ್ಟದ ಹೇರು

ಕಾಫಿಯ ಕೊಯ್ಲು ಮುಗಿದು ತೋಟಗಳು ಹೂಮಳೆಯನ್ನು ಎದುರುನೋಡುತ್ತಿರುವ ಮಾಘ ಫಾಲ್ಗುಣಗಳ ದಿನಗಳಲ್ಲಿ, ಮೂಡಿಗೆರೆಯಿಂದ ಕೊಟ್ಟಿಗೆಹಾರದತ್ತ ಸಾಗುವ ಹೆದ್ದಾರಿಯ ಮೇಲಿನ ಬಣಕಲ್ ಪೇಟೆಯಲ್ಲಿ ಸ್ವಲ್ಪ ಹೊತ್ತು ನಿಂತವರಿಗೆ, ಎರಡು ಪಕ್ಕಗಳಲ್ಲಿ ಪೆಟ್ಟಿಗೆಗಳನ್ನೂ ಹಿಂಬದಿಯಲ್ಲಿ ಸುರುಳಿ ಸುತ್ತಿ ಬಿಗಿದ ಡೇರೆಯನ್ನೂ ಹೊತ್ತ ಎತ್ತರದ ಮೋಟಾರ್ ಸೈಕಲ್ಲುಗಳು ಒಂದರ ಹಿಂದೊಂದಾಗಿ ಬಂದು, ಸವಾರರು ಕಾಫಿ ಕುಡಿದು, ಹಗ್ಗ ಪಟ್ಟಿಗಳನ್ನು ಒಮ್ಮೆ ಎಳೆದು ನೋಡಿ, ಚಾರ್ಮಾಡಿಯ ಕಡೆಗೋ ಕಳಸದ ಕಡೆಗೋ ಹೊರಟುಹೋಗುವ ನೋಟ ಈಗ ಅಪರೂಪದ್ದಲ್ಲ. ಇವರಲ್ಲಿ ಬಹುಮಂದಿ ತಮ್ಮ ವಾಹನದ ಸಜ್ಜನ್ನು ಪರದೇಶಗಳಲ್ಲಿ ಹುಟ್ಟಿ ಈಚೆಗಷ್ಟೇ ಇಲ್ಲಿಗೆ ಬಂದ ವಿದ್ಯೆಯೆಂದು ಭಾವಿಸಿರುತ್ತಾರೆ. ಯಂತ್ರದ ಮಟ್ಟಿಗೆ ಆ ಭಾವನೆ ನಿಜ. ಆದರೆ ಎಷ್ಟು ಹೊರಿಸಬೇಕು, ಹೇಗೆ ಬಿಗಿಯಬೇಕು, ಮಳೆಯಿಂದ ಹೇಗೆ ಕಾಯಬೇಕು, ಇರುಳು ಎಲ್ಲಿ ಇಳಿಸಬೇಕು ಎಂಬ ನಾಲ್ಕು ಪ್ರಶ್ನೆಗಳು ಈ ಘಟ್ಟದ ದಾರಿಗೆ ಹೊಸವಲ್ಲ. ಅವುಗಳಿಗೆ ಉತ್ತರವನ್ನು ಮೋಟಾರಿನ ಸದ್ದು ಕೇಳುವುದಕ್ಕೆ ಶತಮಾನಗಳ ಮೊದಲೇ ಇಲ್ಲಿನ ಹೇರೆತ್ತುಗಳ ಒಡೆಯರು ಕಂಡುಕೊಂಡಿದ್ದರು. ಆ ಪರಂಪರೆಯ ಒಂದು ಸ್ಥೂಲ ಚಿತ್ರವನ್ನು ಕೊಡುವುದು ಈ ಲೇಖನದ ಉದ್ದೇಶ.

ಬಣಕಲ್ ಅರಮನೆಯಿಂದಾಗಲಿ ಮಹಾದೇವಾಲಯದಿಂದಾಗಲಿ ಪ್ರಸಿದ್ಧವಾದ ಊರಲ್ಲ. ಆ ಬಗೆಯ ಕೀರ್ತಿ, ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು ಎಂದು ಚರಿತ್ರಕಾರರು ಗುರುತಿಸಿರುವ ಇದೇ ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಊರಿಗೆ ಸಲ್ಲತಕ್ಕದ್ದು; ಬಲ್ಲಾಳರಾಯನದುರ್ಗಕ್ಕೆ ಸಲ್ಲತಕ್ಕದ್ದು; ಭೈರರಸರ ಸೀಮೆಯಾಗಿದ್ದ ಕಳಸಕ್ಕೆ ಸಲ್ಲತಕ್ಕದ್ದು. ಬಣಕಲ್ಲಿನದು ದಾರಿಯಿಂದ ಬಂದ ಮಹತ್ವ. ಬಯಲುಸೀಮೆಯಿಂದ ಬೇಲೂರು ಮೂಡಿಗೆರೆಗಳ ಮೂಲಕ ಬಂದ ಮಾರ್ಗ ಇಲ್ಲಿಂದ ಮುಂದೆ ಕೊಟ್ಟಿಗೆಹಾರದಲ್ಲಿ ಕವಲೊಡೆದು, ಒಂದು ಕವಲು ಕಳಸ, ಹೊರನಾಡು, ಕುದುರೆಮುಖಗಳತ್ತ ಮಲೆಯ ಒಳಗೆ ನುಗ್ಗಿದರೆ, ಇನ್ನೊಂದು ಚಾರ್ಮಾಡಿ ಘಟ್ಟವನ್ನಿಳಿದು ಉಜಿರೆ ಬೆಳ್ತಂಗಡಿಗಳ ಮೂಲಕ ಮಂಗಳೂರಿನ ಬಂದರನ್ನು ಸೇರುತ್ತದೆ. ಜಾವಳಿಯ ಬಳಿ ಹುಟ್ಟುವ ಹೇಮಾವತಿ ಮೂಡಣಕ್ಕೆ ಹರಿದು ಕಾವೇರಿಯನ್ನು ಕೂಡುವಳು. ಅಲ್ಲಿಂದ ಕೆಲವೇ ಹರದಾರಿಗಳ ಅಂತರದಲ್ಲಿ, ಘಟ್ಟದ ಅಂಚಿನಾಚೆ ಬಿದ್ದ ಮಳೆ ನೇತ್ರಾವತಿಯಾಗಿ ಪಡುಗಡಲಿಗೆ ಇಳಿಯುವುದು. ಇಂತಹ ಜಲವಿಭಾಜಕದ ಮೇಲೆ ನಿಂತ ಊರು ಹಿಂದೆ ರಾಜ್ಯಗಳ ಗಡಿಯ ಸಮೀಪದ ಊರೂ ಆಗಿದ್ದಿತು. 1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಬಳಿಕ ಘಟ್ಟದ ಮೇಲಿನ ನಾಡು ಮೈಸೂರಿಗೂ ಕೆಳಗಿನ ಕನ್ನಡ ಜಿಲ್ಲೆ ಕಂಪನಿಗೂ ಸೇರಿ, 1956ರಲ್ಲಿ ಕನ್ನಡ ನಾಡು ಒಂದಾಗುವವರೆಗೂ ಈ ಘಟ್ಟ ಎರಡು ಆಡಳಿತಗಳ ನಡುವಣ ಬಾಗಿಲಾಗಿಯೇ ಉಳಿಯಿತು.

ಬಾಗಿಲೆಂದ ಮೇಲೆ ಅದನ್ನು ಹಾಯುವ ಸರಕು ಇರಲೇಬೇಕಷ್ಟೆ. ಮಲೆನಾಡಿನಲ್ಲಿ ಅಕ್ಕಿ, ಅಡಕೆ, ಏಲಕ್ಕಿ, ಮೆಣಸುಗಳು ಬೆಳೆಯುತ್ತಿದ್ದುವು. ಉಪ್ಪು ಮಾತ್ರ ಬೆಳೆಯುತ್ತಿರಲಿಲ್ಲ. ಕರಾವಳಿಯ ಗದ್ದೆಗಳಲ್ಲಿ ತೆಗೆದ ಉಪ್ಪು, ಒಣಮೀನು, ತೆಂಗಿನಕಾಯಿಗಳು ಮೇಲೇರಿ, ಮಲೆಯ ಧಾನ್ಯ ಸಂಬಾರಗಳು ಕೆಳಗಿಳಿದು ನಡೆಯುತ್ತಿದ್ದ ಈ ವಿನಿಮಯಕ್ಕೆ ಗಾಡಿಯಿಂದ ಪ್ರಯೋಜನವಿರಲಿಲ್ಲ. ಗಾಡಿಯ ಚಕ್ರ ಉರುಳುವಂತಹ ಮಾರ್ಗವೇ ಇರಲಿಲ್ಲ. ಆದುದರಿಂದ ಘಟ್ಟದ ವ್ಯಾಪಾರವೆಲ್ಲವೂ ಹೇರೆತ್ತಿನ ಬೆನ್ನನ್ನೂ ಆಳಿನ ತಲೆಯನ್ನೂ ಅವಲಂಬಿಸಿ ನಡೆಯುತ್ತಿದ್ದಿತು. 1800 ಮತ್ತು 1801ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿ, ಕಂಡುದನ್ನೆಲ್ಲ 1807ರಲ್ಲಿ ಮೂರು ಸಂಪುಟಗಳಾಗಿ ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್ನನ ಬರಹದಲ್ಲಿ ಎತ್ತಿನ ಹೇರುಗಳ ಪ್ರಸ್ತಾಪ ಮತ್ತೆ ಮತ್ತೆ ಬರುವುದು ಸಹಜವಾಗಿಯೇ ಇದೆ. ಬಯಲು ದಾರಿಗಳಲ್ಲಿ ಈ ಕಸಬನ್ನು ಲಂಬಾಣಿಗಳು ದೊಡ್ಡ ಪ್ರಮಾಣದಲ್ಲಿ ನಡೆಸಿದರು. 1791-92ರಲ್ಲಿ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸನ ಸೈನ್ಯಕ್ಕೆ ಧಾನ್ಯವನ್ನೊದಗಿಸಿದವೂ ಅವರ ಎತ್ತಿನ ಸಾಲುಗಳೇ.

ಹೇರು ಕಟ್ಟುವ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡತಕ್ಕದ್ದು. ಎತ್ತಿನ ಬೆನ್ನಿಗೆ ಮೊದಲು ದಪ್ಪನಾದ ಗೋಣಿತಾಟನ್ನೋ ಹುಲ್ಲು ತುಂಬಿದ ಮೆತ್ತೆಯನ್ನೋ ಹಾಸುವರು. ಅದರ ಮೇಲೆ, ಎರಡು ಪಕ್ಕಕ್ಕೂ ಸಮನಾಗಿ ಜೋಲುವ ಜೋಡಿಚೀಲವಾದ ಕಂಟಲೆಯನ್ನು ಇಬ್ಬರು ಎದುರುಬದುರಾಗಿ ನಿಂತು ಒಂದೇ ಉಸಿರಿನಲ್ಲಿ ಎತ್ತಿ ಇಡುವರು. ಒಬ್ಬನು ಮುಂಚೆ ಎತ್ತಿ ಇನ್ನೊಬ್ಬನು ತಡಮಾಡಿದರೆ ಎತ್ತು ಅತ್ತ ವಾಲಿ ಹೆಜ್ಜೆ ತಪ್ಪುವುದು. ಬಳಿಕ ಹೊಟ್ಟೆಯಡಿಯಿಂದ ಹಗ್ಗ ತಂದು ಬಿಗಿಯುವರು. ಒಂದು ಮಗ್ಗುಲಿಗೆ ಎರಡು ಸೇರು ಹೆಚ್ಚಾಯಿತೆಂದರೂ ಒಂದೆರಡು ಹರದಾರಿ ನಡೆಯುವಷ್ಟರಲ್ಲಿ ಮೆತ್ತೆ ಜಾರಿ, ಚರ್ಮ ಉಜ್ಜಿ, ಬೆನ್ನು ಹುಣ್ಣಾಗುವುದು. ಬೆನ್ನು ಹುಣ್ಣಾದ ಎತ್ತು ತಿಂಗಳುಗಟ್ಟಲೆ ಮೂಲೆ ಹಿಡಿಯುವುದು. ಭಾರವಾದ ಸರಕನ್ನು ಚೀಲದ ತಳಕ್ಕೂ ಹಗುರವಾದುದನ್ನು ಬಾಯಿಯ ಕಡೆಗೂ ತುಂಬುವರು. ಭಾರ ಮೇಲಕ್ಕೇರಿದಷ್ಟೂ ಇಳಿಜಾರಿನಲ್ಲಿ ಎತ್ತು ತೂಗಾಡುವುದೆಂಬುದು ಅವರಿಗೆ ಅನುಭವದಿಂದ ತಿಳಿದಿದ್ದಿತು. ಹದಿನೇಳನೆಯ ಶತಮಾನದ ಫ್ರೆಂಚ್ ವರ್ತಕ ತಾವೆರ್ನಿಯೆ, ಭರತಖಂಡದ ಹೇರೆತ್ತೊಂದು 300ರಿಂದ 350 ಪೌಂಡುಗಳಷ್ಟನ್ನು ಹೊರುತ್ತಿದ್ದಿತೆಂದು ಬರೆದಿದ್ದಾನೆ. ಅದು ಬಯಲಿನ ಲೆಕ್ಕ. ಕಲ್ಲು ಜಾರುವ ಘಟ್ಟದಲ್ಲಿ ಅಷ್ಟನ್ನು ಹೇರುವವನು ಎತ್ತನ್ನೂ ಸರಕನ್ನೂ ಒಟ್ಟಿಗೇ ಕಳೆದುಕೊಳ್ಳಬೇಕಾಗುತ್ತಿದ್ದಿತು.

ಕಡಿಮೆ ಹೊರಿಸಿ ಬೇಗ ನಡೆಯಿಸುವ ಈ ನೀತಿಗೆ ರಾಜಮನ್ನಣೆಯೂ ದೊರೆತಿದ್ದಿತೆನ್ನಬಹುದು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯಲ್ಲಿ ಮೊದಲಾಗಿ, ಹೈದರನ ಕಾಲದಲ್ಲಿ ಬೆಳೆದು, ಟಿಪ್ಪುವಿನಿಂದ ಅಮೃತಮಹಲ್ ಎಂಬ ಹೆಸರು ಪಡೆದ ದನದ ತಳಿಯು ದಂಡಿನ ಸಾಮಾನನ್ನೂ ಫಿರಂಗಿಯನ್ನೂ ಸಾಗಿಸುವುದಕ್ಕೆಂದೇ ಪೋಷಿತವಾದುದು. ಅದರ ಒಂದು ಮುಖ್ಯ ಸಂವರ್ಧನ ಕೇಂದ್ರವಾದ ಅಜ್ಜಂಪುರ ಇಂದಿಗೂ ಇದೇ ಚಿಕ್ಕಮಗಳೂರು ಜಿಲ್ಲೆಯಲ್ಲಿದೆ. ಚಿದಂಬರದ ರಕ್ಷಣೆಗಾಗಿ ಹೈದರನು ಎರಡೂವರೆ ದಿನಗಳಲ್ಲಿ 100 ಮೈಲಿ ನಡೆದನೆಂದೂ ಅದು ಈ ಎತ್ತುಗಳ ಬಲದಿಂದ ಸಾಧ್ಯವಾಯಿತೆಂದೂ ಮೈಸೂರಿನ ಗೆಜೆಟಿಯರುಗಳು ಹೇಳುತ್ತವೆ. ಅಮೃತಮಹಲ್ ಎತ್ತಿನ ಹಿರಿಮೆ ಮೈಯ ಗಾತ್ರದಲ್ಲಿಲ್ಲ. ನಡಿಗೆಯ ವೇಗದಲ್ಲಿಯೂ ದಣಿಯದ ತಾಳ್ಮೆಯಲ್ಲಿಯೂ ಇದೆ. ದೂರದ ಪಯಣಕ್ಕೆ ವಾಹನವನ್ನು ಆರಿಸಿಕೊಳ್ಳುವವರು ಇಂದಿಗೂ ನೆನಪಿಡಬೇಕಾದ ತಾರತಮ್ಯ ಅದು.

ಹೇರಿನ ವಿದ್ಯೆಯ ಉತ್ತರಾರ್ಧ ಬೀಡುಬಿಡುವುದು. ಸಂಜೆಯಾಗುವುದಕ್ಕೆ ಮುಂಚೆಯೇ ನೀರಿನ ಆಸರೆಯೂ ಮೇವಿನ ಬಯಲೂ ಇರುವ, ಆದರೆ ಹಳ್ಳದ ಪಾತಳಿಗಿಂತ ಎತ್ತರವಾದ ತಾಣವನ್ನು ನೋಡಿ ಸಾಲು ನಿಲ್ಲುವುದು. ಹೇರುಗಳನ್ನಿಳಿಸಿ ಒಟ್ಟಿಲು ಒಟ್ಟುವುದು. ನೆಲದ ಶೀತ ತಾಗದಂತೆ ಅಡಿಗೆ ಸೊಪ್ಪು ಸದೆಯನ್ನು ಹರಡುವುದು. ಮೇಲೆ ಕಂಬಳಿ ಹೊದಿಸುವುದು. ನಡುವೆ ಬೆಂಕಿ ಹೊತ್ತಿಸುವುದು. ಮೃಗಶಿರೆಯಿಂದ ಮೊದಲಾಗಿ ಆಶ್ಲೇಷೆಯ ತನಕ ಮಲೆಯಲ್ಲಿ ಜಡಿಮಳೆ ಹಿಡಿದಿರುವಾಗ ಹೇರಿನವರು ಘಟ್ಟಕ್ಕೆ ಕಾಲಿಡುತ್ತಿರಲಿಲ್ಲ. ಹೊರಡಲೇಬೇಕಾದವರಿಗೆ ಕಂಬಳಿಕೊಪ್ಪೆಯೂ ಗೊರಬೂ ರಕ್ಷೆ. ಕಾಲಿಗೆ ಹತ್ತುವ ಇಂಬಳಕ್ಕೆ ಸುಣ್ಣ, ಹೊಗೆಸೊಪ್ಪು, ಉಪ್ಪುಗಳೇ ಮದ್ದು. ಈ ವ್ಯವಸ್ಥೆಯಲ್ಲಿ ಅನವಶ್ಯಕವಾದ ಒಂದು ವಸ್ತುವೂ ಇರಲಿಲ್ಲವೆಂಬುದನ್ನು ಗಮನಿಸಬೇಕು. ಹಗಲು ಮೈಮೇಲಿದ್ದ ಕಂಬಳಿಯೇ ಇರುಳು ಹಾಸಿಗೆ, ಅದೇ ಸರಕಿಗೆ ಹೊದಿಕೆ, ಮಳೆ ಬಂದರೆ ಅದೇ ಮನೆ.

ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ಬಗೆಯ ಬೀಡನ್ನು ಹತ್ತೊಂಬತ್ತನೆಯ ಶತಮಾನ ಈ ನಾಡಿಗೆ ಪರಿಚಯ ಮಾಡಿಸಿತು. ಆ ಶತಮಾನದ ಮೊದಲ ದಶಕದಲ್ಲಿ ಮದರಾಸಿನಿಂದ ಮಂಗಳೂರಿನವರೆಗೆ ಪರ್ಯಾಯದ್ವೀಪದ ಅಡ್ಡಗಲವನ್ನು ತ್ರಿಕೋನಗಳಿಂದ ಅಳೆದ ಲ್ಯಾಂಬ್ಟನ್ ತನ್ನೊಡನೆ ಸಾಗಿಸಿದ ಥಿಯೊಡೊಲೈಟ್ ಯಂತ್ರವೊಂದೇ ಅರ್ಧ ಟನ್ ತೂಗುತ್ತಿದ್ದಿತು. ಅನಂತರ ಬಂದ ಅಧಿಕಾರಿಗಳೂ ಬೇಟೆಗಾರರೂ ಮೇಜು ಕುರ್ಚಿ ಮಂಚಗಳೊಡನೆ, ಅಡಿಗೆಯವರೊಡನೆ, ಒಂದು ಡೇರೆಯಲ್ಲಿ ಮಲಗಿ ಏಳುವಷ್ಟರಲ್ಲಿ ಇನ್ನೊಂದು ಡೇರೆ ಮುಂದಿನ ಮೊಕ್ಕಾಮಿನಲ್ಲಿ ಸಿದ್ಧವಾಗಿರುವಂತೆ ಪಯಣ ಮಾಡಿದರು. ಜಮಾಬಂದಿಗೆ ಹೊರಟ ಅಮಲ್ದಾರರ ಸವಾರಿಯೂ ತಕ್ಕಮಟ್ಟಿಗೆ ಇದೇ ರೀತಿಯದು. ಇಂತಹ ಬೀಡು ಸುಖಕರವಾಗಿದ್ದಿತು, ನಿಜ. ಆ ಸುಖವನ್ನು ಹೊರುತ್ತಿದ್ದುದು ಮಾತ್ರ ಸುತ್ತಣ ಹಳ್ಳಿಗಳ ಕೂಲಿಯಾಳುಗಳ ತಲೆ. ಬೀಡುಬಿಡುವುದೆಂದರೆ ಸಾಮಾನು ಕೂಡಿಹಾಕುವುದು ಎಂಬ ಭ್ರಮೆಯ ಮೂಲ ಈ ದೊರೆಗಳ ಡೇರೆಗಳಲ್ಲಿದೆಯೆಂದು ನನ್ನ ಎಣಿಕೆ. ಅದು ಇಂದಿಗೂ ಪೂರ್ತಿಯಾಗಿ ಅಳಿದಿಲ್ಲ.

ಕಾಫಿ ಬಂದು ಈ ಚಿತ್ರವನ್ನೆಲ್ಲ ಬದಲಾಯಿಸಿತು. ಬಾಬಾಬುಡನರು ಮೋಖಾದಿಂದ ತಂದರೆಂದು ಐತಿಹ್ಯವಿರುವ ಏಳು ಬೀಜಗಳ ಸಂತತಿ ಬಹುಕಾಲ ಗಿರಿಶ್ರೇಣಿಯ ಹಿತ್ತಲುಗಳಲ್ಲೇ ಇದ್ದು, ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ತೋಟದ ಬೆಳೆಯಾಗಿ ಹಬ್ಬಿ, ನೆರೆಯ ಮಂಜರಾಬಾದಿನಲ್ಲಿಯೂ ಮೂಡಿಗೆರೆಯ ಸೀಮೆಯಲ್ಲಿಯೂ ಕಾಡಿನ ನೆರಳನ್ನು ಹಂಚಿಕೊಂಡು ಬೆಳೆಯಿತು. ಮಂಜರಾಬಾದಿನಲ್ಲಿ ತೋಟ ಮಾಡಿದ ಆರ್. ಎಚ್. ಎಲಿಯಟ್ ಎಂಬವನು 1871ರಲ್ಲಿಯೂ 1894ರಲ್ಲಿಯೂ ಪ್ರಕಟಿಸಿದ ಪುಸ್ತಕಗಳು ಆ ಕಾಲದ ತೋಟಗಾರನ ಜೀವನಕ್ಕೆ ಮುಖ್ಯ ಆಕರಗಳಾಗಿವೆ. ಉಪ್ಪಿನ ಹೇರಿಗೆ ಸಾಕಾಗಿದ್ದ ಕಾಲುದಾರಿ ಕಾಫಿಗೆ ಸಾಲದಾಯಿತು. ಸಂಸ್ಕರಣಕ್ಕಾಗಿ ಮಂಗಳೂರಿಗೂ ಅಲ್ಲಿಂದ ಹಡಗಿಗೂ ಹೋಗಬೇಕಾದ ಸರಕು ಅದು. 1834ರಿಂದ 1861ರ ತನಕ ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಸುಮಾರು 1,600 ಮೈಲಿಗಳಷ್ಟು ರಸ್ತೆಯನ್ನು ಮಾಡಿಸಿದನು. ವರ್ತಕರನ್ನು ಹೆಜ್ಜೆ ಹೆಜ್ಜೆಗೆ ತಡೆದು ಕಾಡುತ್ತಿದ್ದ ಸಣ್ಣಪುಟ್ಟ ಸುಂಕಗಳೆಷ್ಟೋ ಅವನ ಕಾಲದಲ್ಲಿ ರದ್ದಾದುವು. ಘಟ್ಟಗಳಿಗೆ ಗಾಡಿರಸ್ತೆ ಬಂದ ಮೇಲೆ ಎರಡೆತ್ತಿನ ಗಾಡಿ ಹೇರೆತ್ತಿನ ಕೆಲಸವನ್ನು ಕಸಿದುಕೊಂಡಿತು. ಇಪ್ಪತ್ತನೆಯ ಶತಮಾನದಲ್ಲಿ ಗಾಡಿಯ ಕೆಲಸವನ್ನು ಮೋಟಾರು ಲಾರಿ ಕಸಿದುಕೊಂಡಿತು. ಮಂಗಳೂರಿನಲ್ಲಿ 1914ರಲ್ಲಿ ಸ್ಥಾಪಿತವಾದ ಸಿ.ಪಿ.ಸಿ. ಮೊದಲಾದ ಕಂಪನಿಗಳಿಂದ ಬಸ್ಸಿನ ಸಂಚಾರ ಈ ಕಡೆಯ ಜನಕ್ಕೆ ರೂಢಿಯಾಯಿತು. ಪ್ರವಾಸಿ ಬಂಗಲೆಗಳೂ ಬಸ್ಸುಗಳೂ ಇರುವಾಗ ದಾರಿಯಲ್ಲಿ ಬಿಡಾರ ಹೂಡುವ ಅಗತ್ಯ ಯಾರಿಗೆ? ಎರಡನೆಯ ಮಹಾಯುದ್ಧದ ತರುವಾಯ ಸೈನ್ಯದ ಜೀಪುಗಳು ಹರಾಜಿನಲ್ಲಿ ತೋಟಗಳನ್ನು ಸೇರಿದ ಮೇಲಂತೂ ಹೇರಿನ ವಿದ್ಯೆ ಮರೆಯಾಯಿತೆಂದೇ ತೋರಿತು.

ಮರೆಯಾಗದಂತೆ ಅದನ್ನುಳಿಸಿದುದು ಎರಡು ಚಕ್ರದ ವಾಹನ. ಸೈಕಲ್ಲು ಮಲೆನಾಡನ್ನು ಮೊದಲು ಹೊಕ್ಕಾಗ ಹಳ್ಳಿಗರಿಗಾದ ಬೆರಗನ್ನು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿದವರು ಬಲ್ಲರು. ಮೋಟಾರ್ ಸೈಕಲ್ಲು ಸಾಮಾನ್ಯ ಬೆಳೆಗಾರನ ಕೈಗೆ ಎಟಕುವಂತಾದುದು ಸ್ವಾತಂತ್ರ್ಯ ಬಂದ ಮೇಲೆ. ರುಸ್ತುಂ ಮತ್ತು ಫಾರೂಕ್ ಇರಾನಿಯವರು ಜಯಚಾಮರಾಜೇಂದ್ರ ಒಡೆಯರ ಪ್ರೋತ್ಸಾಹದಿಂದ ಮೈಸೂರಿನ ಯಾದವಗಿರಿಯಲ್ಲಿ ತೆರೆದ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ಝೆಕೊಸ್ಲೊವಾಕಿಯಾದ ಮಾದರಿಯ 250 ಸಿ.ಸಿ. ಜಾವಾ ಗಾಡಿಯನ್ನು ತಯಾರಿಸಿತು. 1973ರಿಂದ ಅದೇ ಯಂತ್ರ ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬಂದು, 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೂ ಕನ್ನಡ ನಾಡಿನ ಸ್ವಂತ ಮೋಟಾರ್ ಸೈಕಲ್ಲೆಂಬ ಅಭಿಮಾನಕ್ಕೆ ಪಾತ್ರವಾಗಿದ್ದಿತು. ಕಿಕ್ ಹೊಡೆದು ಚಾಲೂ ಮಾಡಿದ ಸನ್ನೆಯನ್ನೇ ಮುಂದಕ್ಕೆ ಮಡಿಸಿ ಗೇರು ಬದಲಾಯಿಸುವ ಅದರ ಏರ್ಪಾಡು, ಒಂದು ವಸ್ತುವಿನಿಂದ ಎರಡು ಕೆಲಸ ತೆಗೆಯುವ ಹಳೆಯ ಜಾಣ್ಮೆಗೆ ಒಪ್ಪುವಂತಹದು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ಎರಡು ಹೊಡೆತದ ಸರಳವಾದ ಎಂಜಿನ್. ಕೆಟ್ಟರೆ ಯಾವುದೇ ಪೇಟೆಯ ಗ್ಯಾರೇಜಿನಲ್ಲಿ ರಿಪೇರಿ. ಮೂಡಿಗೆರೆಯಲ್ಲಿ ನೆಲೆಸಿ, ಸ್ಕೂಟರಿನಲ್ಲಿ ತಿರುಗುತ್ತ, ಗಾಳ ಕ್ಯಾಮರಾಗಳೊಡನೆ ಹೊಳೆ ಕಾಡುಗಳನ್ನು ಶೋಧಿಸಿದ ಪೂರ್ಣಚಂದ್ರ ತೇಜಸ್ವಿಯವರು, ಸುತ್ತಾಟಕ್ಕೆ ಬೇಕಾದುದು ಸಾಮಗ್ರಿಯ ವೈಭವವಲ್ಲ, ಕುತೂಹಲವೆಂಬುದನ್ನು ತಮ್ಮ ಬದುಕಿನಿಂದಲೇ ತೋರಿಸಿಕೊಟ್ಟರು. ಅವರ ನೆನಪಿನ ಪ್ರತಿಷ್ಠಾನ ಇಂದು ಕೊಟ್ಟಿಗೆಹಾರದಲ್ಲಿರುವುದು ಉಚಿತವಾಗಿಯೇ ಇದೆ.

ಆದರೆ ಹೇರೆತ್ತಿನ ಒಡೆಯನಿಗೆ ನಿಜವಾದ ಉತ್ತರಾಧಿಕಾರಿ ಬೆಳೆಗಾರನೂ ಅಲ್ಲ, ಸಾಹಿತಿಯೂ ಅಲ್ಲ, ಮೀನು ಮಾರುವವನು. 1980ರ ದಶಕದಿಂದೀಚೆಗೆ ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಎಂ-80 ಎಂಬ ಪುಟ್ಟ ಗಾಡಿಯ ಬೆನ್ನಿಗೆ ಮರದ ಹಲಗೆ ಜೋಡಿಸಿ, ಅದರ ಮೇಲೆ ಮೀನಿನ ಪೆಟ್ಟಿಗೆಯನ್ನಿಟ್ಟು, ಹಳೆಯ ಟ್ಯೂಬನ್ನು ಸೀಳಿ ಮಾಡಿದ ರಬ್ಬರ್ ಪಟ್ಟಿಯಿಂದ ಅಡ್ಡಡ್ಡ ಬಿಗಿದು, ಹಾರನ್ ಬಾರಿಸುತ್ತ ಮನೆಮನೆಗೆ ಬರುತ್ತಿದ್ದ ಮಾರಾಟಗಾರರನ್ನು ನೋಡದವರು ಈ ಕಡೆ ವಿರಳ. ರಬ್ಬರ್ ಪಟ್ಟಿಯನ್ನು ಅವರು ಆರಿಸಿಕೊಂಡುದು ಕೇವಲ ಅಗ್ಗವೆಂದಲ್ಲ. ಹಗ್ಗ ಒಮ್ಮೆ ಸಡಿಲಿದರೆ ಸಡಿಲವಾಗಿಯೇ ಉಳಿಯುವುದು, ರಬ್ಬರು ಸರಕು ಕುಸಿದಷ್ಟೂ ತಾನೂ ಕುಗ್ಗಿ ಬಿಗಿಯಾಗಿಯೇ ಇರುವುದು. ಮಂಜುಗಡ್ಡೆ ಕರಗಿ ಭಾರ ಸರಿಯುವ ಪೆಟ್ಟಿಗೆಯನ್ನು ತಿರುವುಗಳಲ್ಲಿ ಸಾಗಿಸುವ ಮನುಷ್ಯನಿಗೆ ಈ ಭೇದ ಮುಖ್ಯವಾದುದು. ಇಂದು ಬೆಲೆಬಾಳುವ ಪ್ರವಾಸದ ಚೀಲಗಳೊಡನೆ ಮಾರುವ ಎಳೆಪಟ್ಟಿಗಳ ಹಿಂದೆ ಇರುವ ತತ್ತ್ವ ಇದಕ್ಕಿಂತ ಬೇರೆಯಲ್ಲ.

ಹೊರಗಿನ ಪ್ರಪಂಚದಲ್ಲಿ ಮೋಟಾರ್ ಸೈಕಲ್ಲಿನ ಮೇಲೆ ಬಿಡಾರ ಹೊತ್ತು ತಿರುಗುವ ಅಭ್ಯಾಸ ಬೇರೊಂದು ಕ್ರಮದಿಂದ ಬೆಳೆಯಿತು. ರಾಬರ್ಟ್ ಫುಲ್ಟನ್ ಎಂಬ ಅಮೆರಿಕದ ಯುವಕ 1932ರಲ್ಲಿ ಲಂಡನ್ನಿನಿಂದ ಡಗ್ಲಸ್ ಗಾಡಿಯಲ್ಲಿ ಹೊರಟು, ಭಾರತವನ್ನೂ ಹಾಯ್ದು, ಮರುವರ್ಷದ ಕೊನೆಗೆ ನ್ಯೂಯಾರ್ಕನ್ನು ಮುಟ್ಟಿದನು. 1973ರಿಂದ 1977ರ ತನಕ ಟೆಡ್ ಸೈಮನ್ 500 ಸಿ.ಸಿ.ಯ ಟ್ರಯಂಫ್ ಗಾಡಿಯಲ್ಲಿ ಲೋಕವನ್ನು ಸುತ್ತಿದನು. ಅವನ ದಾರಿಯಲ್ಲಿಯೂ ಭಾರತವಿದ್ದಿತು. ಇವರಿಬ್ಬರ ವಾಹನಗಳೂ ರಸ್ತೆಯ ಮೇಲೆ ಓಡುವ ಸಾಧಾರಣ ಗಾಡಿಗಳು, ಸಾಹಸವಿದ್ದುದು ಸವಾರನಲ್ಲಿ. ರಸ್ತೆಗೂ ಕಾಡುದಾರಿಗೂ ಒಂದೇ ಯಂತ್ರವೆಂಬ ಕಲ್ಪನೆ ದೊಡ್ಡ ಪ್ರವಾಸದ ಗಾಡಿಗಳಲ್ಲಿ ಬೇರೂರಿದುದು 1980ರಲ್ಲಿ, ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪನಿಯ ಆರ್-80 ಜಿ/ಎಸ್ ಎಂಬ ಮಾದರಿಯೊಡನೆ. ಮರುವರ್ಷವೇ ಪ್ಯಾರಿಸ್–ಡಕಾರ್ ಮರುಭೂಮಿ ಸ್ಪರ್ಧೆಯನ್ನು ಆ ಕಂಪನಿಯ ಗಾಡಿ ಗೆದ್ದುದು ಈ ವರ್ಗಕ್ಕೆ ಪ್ರಸಿದ್ಧಿಯನ್ನು ತಂದಿತು. ಆ ಕಠಿಣ ಸ್ಪರ್ಧೆಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯರು ನಮ್ಮ ಬೆಂಗಳೂರಿನ ಸಿ. ಎಸ್. ಸಂತೋಷ್, ಅದು 2015ರಲ್ಲಿ. ಮರುವರ್ಷ ರಾಯಲ್ ಎನ್‌ಫೀಲ್ಡಿನ 411 ಸಿ.ಸಿ. ಹಿಮಾಲಯನ್, 2019ರಲ್ಲಿ ಹೀರೋ ಎಕ್ಸ್‌ಪಲ್ಸ್ 200, 2022ರಲ್ಲಿ ಮರುಹುಟ್ಟು ಪಡೆದ ಯೆಜ್ಡಿಯ ಅಡ್ವೆಂಚರ್, 2023ರಲ್ಲಿ ಹೊಸ ಹಿಮಾಲಯನ್ 450 ಬಂದು, ಮಧ್ಯಮವರ್ಗದ ತರುಣರಿಗೂ ಈ ಬಗೆಯ ವಾಹನ ಎಟಕುವಂತಾಯಿತು. ಬಣಕಲ್ಲಿನ ರಸ್ತೆಯಲ್ಲಿ ಕಾಣುವ ಸಾಲು ಈ ದಶಕದ ಫಲ.

ಹೀಗೆ ಎರಡು ದಾರಿಗಳಿಂದ ಬಂದ ವಿದ್ಯೆ ಒಂದು ಗಾಡಿಯ ಮೇಲೆ ಕೂಡಿದಾಗ ಅದರ ಸಜ್ಜು ಹೇಗಿರಬೇಕೆಂಬುದಕ್ಕೆ ಹಳೆಯ ಘಟ್ಟದ ನಿಯಮಗಳೇ ಸಾಕು. ಮೊದಲನೆಯದು ತೂಕ. ಎಕ್ಸ್‌ಪಲ್ಸ್ 200 ತಾನೇ 150 ಕಿಲೋಗಿಂತ ಮೇಲೆ ತೂಗುವುದು. ಹಿಮಾಲಯನ್ 200 ಕಿಲೋಗಳ ಹತ್ತಿರಕ್ಕೆ ಬರುವುದು. ಎರಡಕ್ಕೂ ನೆಲದಿಂದ 220 ಮಿಲಿಮೀಟರಿನಷ್ಟು ಎತ್ತರವಿರುವುದರಿಂದ ಕಲ್ಲುದಾರಿಯಲ್ಲಿ ಹೊಟ್ಟೆ ತಾಗುವ ಭಯ ಕಡಿಮೆ. ಆದರೆ ಎತ್ತರವಿದ್ದ ಗಾಡಿ ಕೆಸರಿನಲ್ಲಿ ಒರಗಿತೆಂದರೆ ಒಬ್ಬನೇ ನೆಟ್ಟಗೆ ನಿಲ್ಲಿಸುವುದು ಪ್ರಯಾಸಕರ. ಹೇರಿದ ಪ್ರತಿಯೊಂದು ಕಿಲೋ ಆಗ ತನ್ನ ಲೆಕ್ಕವನ್ನು ಒಪ್ಪಿಸುವುದು. ಎರಡನೆಯದು ಸಮತೋಲ. ಡೇರೆಯ ಕಡ್ಡಿಗಳು, ಒಲೆ, ಪಾತ್ರೆ, ಹತಾರಗಳಂತಹ ಭಾರದ ವಸ್ತುಗಳು ಪಕ್ಕದ ಚೀಲಗಳ ತಳದಲ್ಲಿ, ಎರಡು ಮಗ್ಗುಲಿಗೂ ಸಮನಾಗಿ, ಆದಷ್ಟು ಸವಾರನ ಬೆನ್ನಿಗೆ ಹತ್ತಿರವಾಗಿ ಇರತಕ್ಕದ್ದು. ಮಲಗುವ ಚೀಲ, ಬಟ್ಟೆಗಳಂತಹ ಹಗುರ ವಸ್ತುಗಳು ಹಿಂದಿನ ಕ್ಯಾರಿಯರಿನ ಮೇಲೆ. ಎಲ್ಲವನ್ನೂ ಬಾಲದ ತುದಿಗೆ ಪೇರಿಸಿದರೆ ಮುಂಗಾಲಿ ಹಗುರವಾಗಿ, ಏರಿನ ತಿರುವಿನಲ್ಲಿ ಹ್ಯಾಂಡಲ್ ಹಿಡಿತಕ್ಕೆ ಬರುವುದಿಲ್ಲ. ಸರಕು ಹೆಚ್ಚಿದಂತೆ ಹಿಂದಿನ ಶಾಕಿನ ಸ್ಪ್ರಿಂಗನ್ನು ಬಿಗಿಗೊಳಿಸುವುದು, ಚೈನಿನ ಸಡಿಲವನ್ನು ಸವಾರ ಕುಳಿತ ಮೇಲೆ ನೋಡುವುದು, ಕಚ್ಚು ಆಳವಾದ ಟೈರುಗಳ ಗಾಳಿಯನ್ನು ಮಣ್ಣುದಾರಿಯಲ್ಲಿ ಸ್ವಲ್ಪ ಇಳಿಸಿ ಡಾಂಬರಿಗೆ ಮರಳಿದಾಗ ಮತ್ತೆ ತುಂಬುವುದು ಇವೆಲ್ಲವೂ ಎತ್ತಿನ ಬೆನ್ನಿನ ಮೆತ್ತೆಯನ್ನು ನೋಡಿಕೊಂಡ ಎಚ್ಚರಿಕೆಯ ರೂಪಾಂತರಗಳೇ.

ಮೂರನೆಯದು ಮಳೆ. ಲೋಹದ ಪೆಟ್ಟಿಗೆ ಭದ್ರವೂ ಬೀಗ ಹಾಕುವುದಕ್ಕೆ ಅನುಕೂಲವೂ ಹೌದು; ಆದರೆ ಕಾಫಿತೋಟದ ಇಕ್ಕಟ್ಟಿನ ದಾರಿಯಲ್ಲಿ ಅದು ಬೇಲಿಗೆ ತಾಗುವುದು, ಗಾಡಿ ಬಿದ್ದಾಗ ಕಾಲಿಗೆ ಅಪಾಯ ತರುವುದು. ಬಾಯಿಯನ್ನು ಮೂರು ಸುತ್ತು ಸುತ್ತಿ ಕೊಂಡಿ ಹಾಕುವ ನೀರು ಹೊಗದ ಮೆದುಚೀಲ ಈ ಸೀಮೆಗೆ ಹೆಚ್ಚು ಒಪ್ಪುವುದು. ಅದರೊಳಗೂ ಒಂದು ಜೊತೆ ಒಣಬಟ್ಟೆಯನ್ನು ಬೇರೆ ಪ್ಲಾಸ್ಟಿಕ್ ಚೀಲದಲ್ಲಿಡುವುದು ಮಲೆನಾಡಿನ ಬುದ್ಧಿವಂತಿಕೆ. ನೆಲಹಾಸು ಡೇರೆಯ ಅಂಚಿನಿಂದ ಹೊರಗೆ ಚಾಚಿರಬಾರದು. ಚಾಚಿದರೆ ಮೇಲಿನ ನೀರೆಲ್ಲ ಇಳಿದು ಮಲಗಿದವನ ಅಡಿಯಲ್ಲೇ ನಿಲ್ಲುವುದು. ಎಂಜಿನ್ನಿನ ಅಡಿತಟ್ಟೆ, ಲೆಗ್ ಗಾರ್ಡ್, ಪಂಕ್ಚರಿನ ಸಾಮಾನು, ಕೈಪಂಪು, ಕ್ಲಚ್ಚಿನ ಇನ್ನೊಂದು ಕೇಬಲ್, ಒಂದಷ್ಟು ಕಟ್ಟುತಂತಿ ಇಷ್ಟಿದ್ದರೆ ಸಾಲದೆಂಬ ಸ್ಥಿತಿ ಈ ದಾರಿಗಳಲ್ಲಿ ವಿರಳವಾಗಿ ಬರುವುದು. ಇದಕ್ಕಿಂತ ಮುಂದೆ ಹೋಗಿ ಸೈಲೆನ್ಸರ್ ಬದಲಿಸುವುದು, ಚೌಕಟ್ಟನ್ನು ಕತ್ತರಿಸಿ ಬೆಸೆಯುವುದು ಮುಂತಾದುವು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿಗೆ ವಿರುದ್ಧವೂ ಆದಾವು, ಕಾಡಿನ ನೆಮ್ಮದಿಗೆ ಭಂಗವೂ ಆದಾವು.

ನಾಲ್ಕನೆಯ ಪ್ರಶ್ನೆ, ಇರುಳು ಎಲ್ಲಿ ಇಳಿಸುವುದೆಂಬುದು, ಇಂದು ಮಿಕ್ಕ ಮೂರಕ್ಕಿಂತಲೂ ಗಹನವಾಗಿದೆ. ಹೇರಿನವನಿಗೆ ಗೋಮಾಳವೂ ಕಾಡಂಚೂ ತೆರೆದಿದ್ದುವು. ಈಗ ಕಾಡಿಗೆ ಕಾಯಿದೆಯುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೊಳಗೆ ಅನುಮತಿಯಿಲ್ಲದೆ ತಂಗುವಂತಿಲ್ಲ. ಸುಮಾರು 600 ಚದರ ಕಿ.ಮೀ. ವಿಸ್ತಾರದ ಕುದುರೆಮುಖ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅದರೊಡಲಿನ ಕಬ್ಬಿಣದ ಅದಿರಿನ ಗಣಿಯೇ 2005ರ ಕೊನೆಗೆ ಮುಚ್ಚಿತೆಂದ ಮೇಲೆ ಡೇರೆಯವನು ತನಗೆ ವಿನಾಯಿತಿಯನ್ನು ನಿರೀಕ್ಷಿಸುವುದು ಸಲ್ಲದು. ಕಾಯಿದೆಯ ಮಾತು ಹಾಗಿರಲಿ. ನೆಲದ ಮಾತೇ ಬೇರೆ. 2019ರ ಆಗಸ್ಟಿನ ಮಳೆಯಲ್ಲಿ ಚಾರ್ಮಾಡಿ ಘಟ್ಟದ ಗುಡ್ಡಗಳು ಹಲವೆಡೆ ಕುಸಿದು, ರಾಷ್ಟ್ರೀಯ ಹೆದ್ದಾರಿ 73 ಎಂದು ಹೆಸರು ಪಡೆದ ಮಾರ್ಗ ಬಹುಕಾಲ ವಾಹನಗಳಿಗೆ ಮುಚ್ಚಿದ್ದಿತು. ಮೂಡಿಗೆರೆ ತಾಲ್ಲೂಕಿನ ಹಳ್ಳಿಗಳಲ್ಲಿ ಮನೆ ತೋಟಗಳೇ ಮಣ್ಣಿನ ಪಾಲಾದುವು. ಜಡಿಮಳೆಯಲ್ಲಿ ಘಟ್ಟಕ್ಕೆ ಕಾಲಿಡದ ಹೇರಿನವರ ಪದ್ಧತಿ ಹೇಡಿತನವಲ್ಲ, ವಿವೇಕ ಎಂಬುದನ್ನು ಆ ವರ್ಷ ಹೊಸದಾಗಿ ಕಲಿಸಿತು.

ಹಾಗಾದರೆ ಬಿಡಾರಕ್ಕೆ ಜಾಗವೇ ಇಲ್ಲವೇ? ಉಂಟು, ಕೇಳಿ ಪಡೆಯಬೇಕು. ಬಣಕಲ್ಲಿನಿಂದ ಕಳಸದವರೆಗೆ ದಾರಿಯ ಇಕ್ಕೆಲದಲ್ಲಿ ಎಲ್ಲಿ ನೋಡಿದರೂ ಯಾರದೋ ತೋಟ. ಕಾಫಿ ಒಣಗಿಸುವ ಕಣ ಕೊಯ್ಲು ಮುಗಿದ ಮೇಲೆ ಬಹುಮಟ್ಟಿಗೆ ಬರಿದಾಗಿರುವುದು. ಸಮತಟ್ಟಾದ ಗಟ್ಟಿನೆಲ, ಹತ್ತಿರದಲ್ಲಿ ನೀರು, ಕೂಗಿದರೆ ಕೇಳುವಷ್ಟು ದೂರದಲ್ಲಿ ಮನೆ, ಇವೆಲ್ಲವೂ ಅಲ್ಲಿಯೇ ಇವೆ. ಕತ್ತಲಾಗುವ ಮುಂಚೆ ಮನೆಯ ಜಗಲಿಗೆ ಹೋಗಿ, ಊರು ಹೆಸರು ಹೇಳಿ, ‘ಸ್ವಾಮಿ, ಈ ರಾತ್ರಿ ಕಣದಲ್ಲಿ ಡೇರೆ ಹಾಕಿಕೊಳ್ಳಬಹುದೆ?’ ಎಂದು ಯಜಮಾನರನ್ನು ಕೇಳುವವನಿಗೆ ಮಲೆನಾಡಿನಲ್ಲಿ ಜಾಗ ಸಿಗದಿರುವುದು ಅಪರೂಪ. ಜಾಗದೊಡನೆ ಒಂದು ಲೋಟ ಕಾಫಿ ಬರುವುದೂ ಉಂಟು. ಶಿವರಾತ್ರಿಗೆ ಧರ್ಮಸ್ಥಳಕ್ಕೆಂದು ಬಯಲುಸೀಮೆಯಿಂದ ನಡೆದು ಬರುವ ಸಹಸ್ರಾರು ಯಾತ್ರಿಕರು ಇಂದಿಗೂ ಇದೇ ಬಣಕಲ್, ಕೊಟ್ಟಿಗೆಹಾರ, ಚಾರ್ಮಾಡಿಗಳ ಮಾರ್ಗದಲ್ಲಿ ಸಾಗುತ್ತಾರೆ. ಹೆಗಲ ಮೇಲೊಂದು ಚೀಲ, ಅದರೊಳಗೊಂದು ಹೊದಿಕೆ. ದಾರಿಯ ಊರಿನವರು ಕೊಟ್ಟ ಮಜ್ಜಿಗೆ, ಊಟ. ಶಾಲೆಯ ಜಗಲಿಯಲ್ಲೋ ದೇವಸ್ಥಾನದ ಅಂಗಳದಲ್ಲೋ ನಿದ್ರೆ. ಹೇರಿನ ಕಾಲದ ಪ್ರಯಾಣಧರ್ಮ ಪೂರ್ತಿಯಾಗಿ ಅಳಿದಿಲ್ಲವೆಂಬುದಕ್ಕೆ ಅವರೇ ಸಾಕ್ಷಿ.

ಈ ಪರಂಪರೆಯನ್ನೆಲ್ಲ ಒಟ್ಟಾಗಿ ನೋಡಿದರೆ ಒಂದು ತೀರ್ಮಾನಕ್ಕೆ ಬರಬೇಕಾಗುತ್ತದೆ. ಚಾರ್ಮಾಡಿಯ ದಾರಿಯಲ್ಲಿ ಬಾಳಿದ ವಿದ್ಯೆ ದೊರೆಗಳ ಡೇರೆಯದಲ್ಲ, ಹೇರೆತ್ತಿನವನ ಕಂಬಳಿಯದು. ಸಾಹಸದ ಮೋಟಾರ್ ಸೈಕಲ್ಲನ್ನು ಸಜ್ಜುಗೊಳಿಸುವವರು ಇವೆರಡರಲ್ಲಿ ಯಾವುದನ್ನು ಅನುಸರಿಸುವರೋ ಅದರ ಮೇಲೆ ಅವರ ಪಯಣದ ಸುಖ ನಿಂತಿದೆ. ಅಂಗಡಿಯವನು ತೋರಿಸಿದುದನ್ನೆಲ್ಲ ಕೊಂಡು ಗಾಡಿಗೆ ತಗುಲಿಸುವ ಮುಂಚೆ, ಇದು ಎರಡು ಕೆಲಸಕ್ಕೆ ಬರುವುದೇ, ಇದಿಲ್ಲದೆ ಒಂದು ರಾತ್ರಿ ಕಳೆಯಲಾರೆನೇ ಎಂದು ತಮ್ಮನ್ನು ತಾವು ಕೇಳಿಕೊಳ್ಳಲಿ. ಉಳಿದ ಜಾಗದಲ್ಲಿ, ತಾವು ತಂದ ಕಸವನ್ನು ತಾವೇ ಹಿಂದಕ್ಕೊಯ್ಯುವ ಒಂದು ಚೀಲವನ್ನು ಇಟ್ಟುಕೊಳ್ಳಲಿ. ಹೇರಿನವನು ಬಿಟ್ಟುಹೋಗುತ್ತಿದ್ದುದು ಬೂದಿ ಸಗಣಿಗಳನ್ನು, ಅವನ್ನು ಮಲೆಯ ಮಣ್ಣು ಅರಗಿಸಿಕೊಂಡಿತು; ನಾವು ಬಿಟ್ಟುಹೋಗುವ ಪ್ಲಾಸ್ಟಿಕ್ಕನ್ನು ಅದು ಅರಗಿಸಿಕೊಳ್ಳಲಾರದು.